‘ಬರೀ ಹೌಸ್‌ವೈಫ್’ ಅನ್ನಬೇಡಿ!

ಬ್ಯಾಂಕಿನದೋ ಮಕ್ಕಳ ಶಾಲೆಯದೋ ಅರ್ಜಿ ತುಂಬುವಾಗ ‘ಉದ್ಯೋಗ’ ಎಂಬ ಕಡೆ ನಮ್ಮಂಥವರು ಏನು ಬರೆಯುತ್ತೇವೆ? ಹೌಸ್‌ವೈಫ್. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೂ ಅಷ್ಟೇ. “ಕೆಲಸ ಏನಿಲ್ಲ ಕಣ್ರೀ, ಬರೀ ಹೌಸ್‌ವೈಫ್” ಅಂತ ದನಿ ತಗ್ಗಿಸಿ ಹೇಳಿಬಿಡುತ್ತೇವೆ. ಸೋದರಿಯರೇ, ಆ ‘ಬರೀ’ ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ?

ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೂ ಮಗಳ ದಪ್ಪ ಇಂಗ್ಲಿಷ್ ನಿಘಂಟನ್ನು ಮಧ್ಯಾಹ್ನದ ಬಿಡುವಿನಲ್ಲಿ ತಿರುವಿಹಾಕುವುದು ನನಗೊಂದು ಚಟ. ಅದರಲ್ಲಿ ಈ ಪದಕ್ಕೆ ದೊಡ್ಡ ಕಥೆಯೇ ಇದೆ!

ಸುಮಾರು 800 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಈ ಪದ ‘ಹುಸ್‌ವೀಫ್’ ಎಂದಿತ್ತು. ‘ಹುಸ್’ ಎಂದರೆ ಮನೆ. ‘ವೀಫ್’ ಎಂದರೆ ಹಿಂದೆ ಹೆಂಡತಿ ಅಂತಲೇ ಅಲ್ಲ, ಹೆಂಗಸು ಅಂತ. ಹೆರಿಗೆ ಮಾಡಿಸುವ ‘ಮಿಡ್‌ವೈಫ್’ ಎಂಬ ಪದದಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ಒಟ್ಟಿನಲ್ಲಿ ಮನೆವಾರ್ತೆಯನ್ನೆಲ್ಲ ತೂಗಿಸಿಕೊಂಡು ಹೋಗುವ ಯಜಮಾನಿ ಅಂತ ಅರ್ಥ. ಮರ್ಯಾದೆಯ ಪದವೇ!

ಆಮೇಲೆ ಏನಾಯಿತು ನೋಡಿ. ಆಡುವವರ ಬಾಯಲ್ಲಿ ಸವೆದು ಸವೆದು ಅದೇ ಪದ ‘ಹಸ್ಸಿ’ ಅಂತಲೂ ಆಯಿತು. ಮೊದಮೊದಲು ಹಸ್ಸಿ ಅಂದರೂ ಮನೆಯೊಡತಿಯೇ. 17ನೇ ಶತಮಾನದ ಹೊತ್ತಿಗೆ ಅದು ನಾಚಿಕೆಗೆಟ್ಟ ಹೆಂಗಸಿಗೆ ಹೇಳುವ ಬೈಗುಳವಾಗಿಬಿಟ್ಟಿತು! ನಮ್ಮಲ್ಲೂ ಹಾಗೇ ಅಲ್ಲವೇ? ಬಜಾರು ಎಂಬ ಪದಕ್ಕೆ ದೋಷವಿಲ್ಲ, ‘ಬಜಾರಿ’ ಅಂದರೆ ಮಾತ್ರ ಬೈಗುಳ.

ಇನ್ನೊಂದು ತಮಾಷೆ ಕೇಳಿ. ಸೂಜಿ, ದಾರ, ಗುಂಡಿ ಇಟ್ಟುಕೊಳ್ಳುವ ಪುಟ್ಟ ಬಟ್ಟೆಯ ಚೀಲಕ್ಕೂ 18ನೇ ಶತಮಾನದಿಂದ ‘ಹೌಸ್‌ವೈಫ್’ ಅಂತಲೇ ಹೆಸರು. ಎರಡು ಮಹಾಯುದ್ಧಗಳಲ್ಲೂ ಬ್ರಿಟಿಷ್ ಸಿಪಾಯಿಗಳ ಸಾಮಾನಿನ ಜೊತೆ ಅದು ಹೋಗುತ್ತಿತ್ತು. ನೋಡಿದಿರಾ, ಮನೆ ಬಿಟ್ಟು ಯುದ್ಧಕ್ಕೆ ಹೊರಟ ಗಂಡಸಿಗೂ ಹೌಸ್‌ವೈಫ್ ಇಲ್ಲದೆ ನಡೆಯಲಿಲ್ಲ!

ಹಾಗಾದರೆ ‘ಹಸ್ಬೆಂಡ್’? ಅದರಲ್ಲೂ ಇರುವುದು ಅದೇ ‘ಹುಸ್’. ಮೂಲದಲ್ಲಿ ಮನೆಯ ಒಡೆಯ ಅಂತ. ಅದರಿಂದಲೇ ಬೇಸಾಯಕ್ಕೆ ‘ಹಸ್ಬೆಂಡ್ರಿ’ ಎಂಬ ಹೆಸರು ಬಂತು. ನಮ್ಮ ಪಶುಸಂಗೋಪನೆ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿ ಇವತ್ತಿಗೂ ಅದು ಇದೆ. ಒಂದೇ ಮನೆಯಿಂದ ಹೊರಟ ಎರಡು ಪದಗಳಲ್ಲಿ ಗಂಡಿನದು ಇಲಾಖೆಯ ಬೋರ್ಡು ಹತ್ತಿತು, ಹೆಣ್ಣಿನದು ಬೈಗುಳಕ್ಕೆ ಇಳಿಯಿತು.

“ಪದ ಏನಾದರೇನು, ಅನ್ನ ಬೇಯುತ್ತದಲ್ಲ” ಅನ್ನುತ್ತೀರಾ? ಅಷ್ಟು ಸುಲಭವಲ್ಲ. ನಮ್ಮ ದೇಶದ 2001ರ ಜನಗಣತಿಯಲ್ಲಿ ಮನೆಗೆಲಸ ಮಾಡುವವರನ್ನು ‘ದುಡಿಯದವರು’ ಎಂಬ ಗುಂಪಿಗೆ ಸೇರಿಸಿ, ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ಇಟ್ಟಿದ್ದರು. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬರ ಪರಿಹಾರದ ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹೇಳಿ ಬೇಸರಪಟ್ಟಿತು. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು ಎಂದು ಪರಿಹಾರವನ್ನು ಹೆಚ್ಚಿಸಿತು. ಪದಕ್ಕೆ ಬೆಲೆ ಇಲ್ಲದೆ ಹೋದರೆ, ನಾವು ಹೋದ ಮೇಲೆ ನಮ್ಮ ಮಕ್ಕಳ ಕೈಗೆ ಸಿಗುವ ಕಾಸಿಗೂ ಕತ್ತರಿ ಬೀಳುತ್ತದೆ.

ಈಗ ‘ಹೋಂಮೇಕರ್’ ಎಂಬ ಹೊಸ ಪದ ಬಂದಿದೆ. ಚೆನ್ನಾಗಿದೆ, ಬರೆಯಿರಿ. ಆದರೆ ಅದರ ಹಿಂದೆಯೂ ‘ಬರೀ’ ಸೇರಿಸಿದರೆ ಇನ್ನೂರು ವರ್ಷಕ್ಕೆ ಅದೂ ಹಸ್ಸಿಯ ದಾರಿಯನ್ನೇ ಹಿಡಿದೀತು! ಹೌಸ್‌ವೈಫ್ ಅನ್ನಿ, ಗೃಹಿಣಿ ಅನ್ನಿ, ಮನೆಯೊಡತಿ ಅನ್ನಿ. ತಲೆಯೆತ್ತಿ, ಸ್ಪಷ್ಟವಾಗಿ ಹೇಳಿ. ಮೊದಲು ನಮ್ಮ ಬಾಯಲ್ಲಿ ಆ ಪದಕ್ಕೆ ಮರ್ಯಾದೆ ಸಿಗಲಿ.