ಎಡಿನ್‌ಬರೋದಲ್ಲೊಂದು ಸೋಜಿಗದ ಪರೀಕ್ಷೆ

ವೇವರ್ಲಿ ನಿಲ್ದಾಣದಿಂದ ಮೇಲೆ ಹತ್ತಿ ಬಂದರೆ ಎಡಿನ್‌ಬರೋ ಒಮ್ಮೆಗೇ ಕಣ್ತುಂಬುತ್ತದೆ. ಒಂದು ಕಡೆ ಕಪ್ಪು ಬಂಡೆಯ ನೆತ್ತಿಯ ಮೇಲೆ ಕೋಟೆ, ಇನ್ನೊಂದು ಕಡೆ ಆರ್ಥರ್ಸ್ ಸೀಟ್ ಎಂಬ 251 ಮೀಟರಿನ ಗುಡ್ಡ. ಎರಡೂ ಎಂದೋ ತಣ್ಣಗಾದ ಜ್ವಾಲಾಮುಖಿಗಳ ಅವಶೇಷ. ಬೆಂಕಿಯ ಬಾಯಿಯ ಮೇಲೆ ಊರು ಕಟ್ಟಿ, ಚಹಾ ಕುಡಿಯುತ್ತ ಕೂತಿದ್ದಾರಲ್ಲ ಎಂದು ಬೆರಗಾದೆ.

ಜೊತೆಗೆ ಹಾಸನದ ಕಡೆಯ ಹುಡುಗನಿದ್ದ. ಇಲ್ಲೇ ಮನಶ್ಶಾಸ್ತ್ರ ಓದುತ್ತಿದ್ದಾನೆ. "ಕೋಟೆ ಎಲ್ಲರೂ ನೋಡ್ತಾರೆ ಸರ್, ಬನ್ನಿ" ಎಂದು ಬಸ್ಸು ಹತ್ತಿಸಿ ಊರಿನ ದಕ್ಷಿಣದ ಲಿಟ್ಲ್ ಫ್ರಾನ್ಸ್‌ಗೆ ಕರೆದೊಯ್ದ. ಅಲ್ಲಿ ದೊಡ್ಡಾಸ್ಪತ್ರೆಯ ಆವರಣದಲ್ಲಿ ಆ್ಯನ್ ರೌಲಿಂಗ್ ಕ್ಲಿನಿಕ್ ಇದೆ. ಹ್ಯಾರಿ ಪಾಟರ್ ಬರೆದ ಜೆ.ಕೆ. ರೌಲಿಂಗ್, ನರರೋಗದಿಂದ 45ಕ್ಕೇ ತೀರಿಕೊಂಡ ತಾಯಿಯ ಹೆಸರಿನಲ್ಲಿ ಒಂದು ಕೋಟಿ ಪೌಂಡ್ ಕೊಟ್ಟು ಕಟ್ಟಿಸಿದ್ದು. ಮೋಟಾರ್ ನ್ಯೂರಾನ್ ಕಾಯಿಲೆ ತಗುಲಿದ ಯುವಾನ್ ಮೆಕ್‌ಡೊನಾಲ್ಡ್ ಎಂಬ ತರುಣ, ತಂದೆಯ ಜೊತೆ ಸೇರಿ 2007ರಲ್ಲಿ ಆ ಕಾಯಿಲೆಗೆಂದೇ ಸಂಶೋಧನಾ ಕೇಂದ್ರ ತೆರೆಸಿದ್ದೂ ಇದೇ ಊರಿನ ವಿಶ್ವವಿದ್ಯಾಲಯದಲ್ಲಿ.

ಸ್ನಾಯುಗಳನ್ನು ಆಡಿಸುವ ನರಕೋಶಗಳೇ ಸಾಯುತ್ತ ಹೋಗುವ ಕಾಯಿಲೆ ಅದು. ಕೈಕಾಲು, ಮಾತು, ನುಂಗುವುದು, ಕೊನೆಗೆ ಉಸಿರು, ಒಂದೊಂದೇ ಸೋಲುತ್ತವೆ. ಸ್ಟೀಫನ್ ಹಾಕಿಂಗ್ ಅವರನ್ನು ಕಂಡ ನಾವೆಲ್ಲ ದೇಹ ಸೋತರೂ ಬುದ್ಧಿಗೆ ಏನೂ ಆಗದು ಎಂದು ನಂಬಿದ್ದೇವೆ. ಹುಡುಗ ಹಾಗಲ್ಲವೆಂದು ತಲೆಯಾಡಿಸಿದ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಯೋಚನೆಯೋ ನಡವಳಿಕೆಯೋ ಸ್ವಲ್ಪವಾದರೂ ಬದಲಾಗುತ್ತದಂತೆ. ನೂರಕ್ಕೆ ಹತ್ತು ಹದಿನೈದು ಮಂದಿಗೆ ಮಿದುಳಿನ ಮುಂಭಾಗ ಸವೆಯುವ ಡಿಮೆನ್ಷಿಯಾವೇ ಬರುತ್ತದೆ. ಎರಡೂ ಕಾಯಿಲೆಗಳ ಅನೇಕ ರೋಗಿಗಳಲ್ಲಿ ಗಂಟುಕಟ್ಟುವ ಪ್ರೋಟೀನ್ ಒಂದೇ ಎಂದು 2006ರಲ್ಲಿ ತಿಳಿಯಿತು. ಎರಡಕ್ಕೂ ಕಾರಣವಾಗಬಲ್ಲ ಒಂದೇ ಜೀನ್ 2011ರಲ್ಲಿ ಸಿಕ್ಕಿತು.

ಆದರೆ ಮಾತೇ ಆಡಲಾಗದವರ ಬುದ್ಧಿಯನ್ನು ಅಳೆಯುವುದು ಹೇಗೆ? ಸಂಶೋಧಕಿ ಶರಾನ್ ಅಬ್ರಹಾಮ್ಸ್ ಮತ್ತು ಸಂಗಡಿಗರು ಇಲ್ಲಿ ರೂಪಿಸಿ 2014ರಲ್ಲಿ ಪ್ರಕಟಿಸಿದ 'ಇಕ್ಯಾಸ್' ಪರೀಕ್ಷೆ ಅದಕ್ಕೆ ಉತ್ತರ. ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಬೇಕು, ಇಲ್ಲವೇ ಬರೆಯಬೇಕು. ಆಮೇಲೆ ಅವೇ ಪದಗಳನ್ನು ಮತ್ತೆ ಓದಿಸುತ್ತಾರೆ, ಅಥವಾ ನಕಲು ಮಾಡಿಸುತ್ತಾರೆ. ಓದಲು ಹಿಡಿದ ಹೊತ್ತನ್ನು ಕಳೆದರೆ ಉಳಿಯುವುದು ಬರೀ ಯೋಚನೆಗೆ ಹಿಡಿದ ಹೊತ್ತು! ಕಾಳಿನಿಂದ ಹೊಟ್ಟು ತೂರಿದ ಹಾಗೆ, ನಾಲಿಗೆಯ ನಿಧಾನವನ್ನು ಬುದ್ಧಿಯ ನಿಧಾನದಿಂದ ಬೇರ್ಪಡಿಸಿದ್ದಾರೆ.

ಹುಡುಗ ಕಾಗದ ತೆಗೆದು ನಾಲ್ಕು ಚಿತ್ರ ಗೀಚಿದ. "ನಿಮಗೆ ಯಾವುದು ಇಷ್ಟ ಸರ್?" ತೋರಿಸಿದೆ. ನಡುವೆ ಒಂದು ಮುಖ ಬರೆದು, ಕಣ್ಣುಗಳನ್ನು ಇನ್ನೊಂದು ಚಿತ್ರದತ್ತ ತಿರುಗಿಸಿದ. "ಇವನಿಗೆ ಯಾವುದು ಇಷ್ಟ?" ಮಗುವೂ ಹೇಳೀತು. ಆದರೆ ಕೆಲವು ರೋಗಿಗಳು ತಮಗಿಷ್ಟವಾದದ್ದನ್ನೇ ಮತ್ತೆ ತೋರಿಸುತ್ತಾರಂತೆ. ಇನ್ನೊಬ್ಬರ ಕಣ್ಣಿನಿಂದ ನೋಡುವ ಶಕ್ತಿಯೇ ಕುಗ್ಗಿರುತ್ತದೆ. ಮೈ ಜುಮ್ಮೆಂದಿತು. "ನಮ್ಮ ಕಷ್ಟ ಅವರಿಗೆ ಅರ್ಥವೇ ಆಗೋದಿಲ್ಲ" ಎಂದು ಮನೆಯವರು ನೊಂದುಕೊಳ್ಳುವುದರ ಹಿಂದೆ ಹೀಗೂ ಒಂದು ಕಾರಣವಿರಬಹುದೆ!

ಆ ಬದಲಾವಣೆಗೆ ಮದ್ದಿಲ್ಲ, ನಿಭಾಯಿಸುವ ದಾರಿಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ನಿರಾಸಕ್ತಿ. "ಏನು ಮಾಡೋಣ?" ಎಂದು ಕೇಳಿ ಕಾಯದೆ ನಾವೇ ಕೆಲಸ ಶುರುಮಾಡಿ ಜೊತೆಗೆ ಕರೆದುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಆರಿಸಲು ಎರಡೇ ಆಯ್ಕೆ. ದಿನಚರಿ ಬದಲಿಸಬಾರದು. ಕೆಲವರಿಗೆ ಸಿಹಿಯ ಹಂಬಲ ಹುಟ್ಟುತ್ತದೆ, ಗಬಗಬನೆ ತಿನ್ನುತ್ತಾರೆ. ನುಂಗುವ ಶಕ್ತಿ ಕುಂದಿದಾಗ ನೆತ್ತಿಗೇರಿದರೆ ಅಪಾಯ. ಚಿಕ್ಕ ತುತ್ತು ಮಾಡಿ ಪಕ್ಕದಲ್ಲೇ ಕೂರಬೇಕು. ಉಸಿರಾಟದ ಯಂತ್ರ, ಹೊಟ್ಟೆಗೆ ನಳಿಕೆ, ಆಸ್ತಿಪತ್ರ, ಇವುಗಳ ಮಾತುಕತೆ ರೋಗಿಯ ತೀರ್ಮಾನ ಗಟ್ಟಿಯಾಗಿರುವಾಗಲೇ ಮುಗಿಯಬೇಕು. ಕಾರಣವಿಲ್ಲದೆ ಉಕ್ಕುವ ನಗು, ಅಳು ಬೇರೆಯೇ ಲಕ್ಷಣ, ಅದಕ್ಕೆ ಔಷಧಿಯುಂಟು.

ನಿಮ್ಹಾನ್ಸ್‌ಗೋ ಊರಿನ ನರವೈದ್ಯರ ಬಳಿಗೋ ಈ ಕಾಯಿಲೆಯವರನ್ನು ಕರೆದೊಯ್ಯುವವರು ಕೈಕಾಲಿನ ಬಲದ ಜೊತೆಗೆ ಸ್ವಭಾವದಲ್ಲಿ ಕಂಡ ಬದಲಾವಣೆಯನ್ನೂ ಹೇಳಿ. ರೋಗಿಯ ಎದುರು ಸಂಕೋಚವಾದರೆ ವೈದ್ಯರನ್ನು ಪ್ರತ್ಯೇಕವಾಗಿ ಕಂಡಾದರೂ ಹೇಳಿ. ಹಟವೆಂದು ಬೈಯುವ ಮೊದಲು ಅದು ಕಾಯಿಲೆಯೋ ಎಂದು ವಿಚಾರಿಸಿ.