ಸೊಪ್ಪಿನ ಸಾರಥಿ

ಕ್ಯಾಲಿಫೋರ್ನಿಯದ ಸಲೀನಾಸ್ ಕಣಿವೆಯಲ್ಲಿ ಬೆಳಗಿನ ಮಂಜು ಇನ್ನೂ ಕರಗಿಲ್ಲ. ಹೊಲದಲ್ಲಿ ಕೊಯ್ದ ಲೆಟ್ಯೂಸ್ ಸೊಪ್ಪು ಪೆಟ್ಟಿಗೆಗಳನ್ನು ಸೇರಿ, ನಿರ್ವಾತ ಕೊಠಡಿಯಲ್ಲಿ ತನ್ನ ಕಾವನ್ನು ಕಳೆದುಕೊಂಡು, ಪ್ರಯಾಣಕ್ಕೆ ಸಿದ್ಧವಾಗಿದೆ. ಹೋಗಬೇಕಾದದ್ದು ನ್ಯೂಯಾರ್ಕಿಗೆ, ಸುಮಾರು 3,000 ಮೈಲಿ. ಅದನ್ನು ಒಯ್ಯಬೇಕಾದ ಚಾಲಕನಾದರೋ ಹೊರಡುವ ಆತುರವನ್ನೇ ತೋರದೆ, 53 ಅಡಿ ಉದ್ದದ ತನ್ನ ಖಾಲಿ ಟ್ರೇಲರಿಗೆ ಪ್ರದಕ್ಷಿಣೆ ಹಾಕುತ್ತಿದ್ದಾನೆ.

ದೇವರಿಲ್ಲದ ಪ್ರದಕ್ಷಿಣೆಯೆಂದು ನಗುವವರುಂಟು. ಅವನೂ ಒಂದು ಕಾಲದಲ್ಲಿ ನಕ್ಕವನೇ. ಈ ಕಸುಬಿಗೆ ಬಂದ ಮೊದಲ ವರ್ಷ, ಮೊಹಾವಿ ಮರುಭೂಮಿಯ ಅಂಚಿನಲ್ಲಿ ಲಾರಿ ನಿಲ್ಲಿಸಿ ಮಲಗಿದ್ದ. ಟ್ರೇಲರಿನ ಮೂತಿಯಲ್ಲಿರುವ ತಂಪುಯಂತ್ರದ ಗುಂಯ್‌ಗುಡುವಿಕೆಯೇ ಅವನ ಜೋಗುಳ. ಬೆಳಗಿನ ಜಾವ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದಿಲ್ಲದ್ದರಿಂದ. ಎಂಜಿನ್ನಿನ ಎಣ್ಣೆ ಇಳಿದು, ಅದರ ಒತ್ತಡ ಕುಸಿದು, ರಕ್ಷಣೆಗೆಂದು ಇಟ್ಟಿದ್ದ ಸ್ವಿಚ್ಚು ಯಂತ್ರವನ್ನು ನಿಲ್ಲಿಸಿಬಿಟ್ಟಿತ್ತು. ಎಚ್ಚರಿಕೆಯ ದೀಪವೂ ಉರಿಯುತ್ತಿತ್ತು. ನೋಡುವ ಕಣ್ಣು ಮಾತ್ರ ಮುಚ್ಚಿತ್ತು. ಎಂಜಿನು ಉಳಿಯಿತು. ಸೊಪ್ಪು ಉಳಿಯಲಿಲ್ಲ. ನ್ಯೂಯಾರ್ಕಿನ ಮಂಡಿಯಲ್ಲಿ ಸರಕು ಕೊಳ್ಳಬೇಕಾದವನು ಒಂದು ಪೆಟ್ಟಿಗೆ ಬಿಚ್ಚಿ, ಕಂದಿದ ಎಲೆಯನ್ನು ಎತ್ತಿ ತೋರಿಸಿ, ಮಾತಾಡದೆ ಹೊರಟುಹೋದ. ಮಾತಾಡಿದ್ದರೆ ಸಹಿಸಬಹುದಿತ್ತು ಎಂದು ಚಾಲಕನಿಗೆ ಇಂದಿಗೂ ಅನ್ನಿಸುವುದುಂಟು.

ಇದರಲ್ಲೊಂದು ವಿಚಿತ್ರವಿದೆ. ರಕ್ಷಣೆಯ ಉಪಕರಣಗಳಲ್ಲಿ ಬಹುಪಾಲು ಕಾಯುವುದು ಯಂತ್ರವನ್ನು ಮತ್ತು ಅದರ ಬಳಿ ಇರುವವರನ್ನು, ಸರಕನ್ನಲ್ಲ. ಶಾಖವನ್ನು ಹೊರಹಾಕುವ ಕಂಡೆನ್ಸರಿನ ರೆಕ್ಕೆಗಳಿಗೆ ದಾರಿಯ ಧೂಳು ಮೆತ್ತಿಕೊಂಡರೆ ಒಳಗಿನ ಅನಿಲದ ಒತ್ತಡ ಏರುವುದು. ಮಿತಿ ಮೀರಿದೊಡನೆ ಒಂದು ಸ್ವಿಚ್ಚು ಯಂತ್ರವನ್ನು ನಿಲ್ಲಿಸುವುದು. ಅದೂ ಕೈಕೊಟ್ಟರೆ ಅನಿಲವನ್ನು ಹೊರಬಿಡುವ ಕವಾಟವೋ, ಶಾಖಕ್ಕೆ ಕರಗುವ ಬಿರಡೆಯೋ ಇರುತ್ತದೆ. ಇವೆಲ್ಲ ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿದ ರಾತ್ರಿಯೇ ಸೊಪ್ಪು ಬಾಡುವುದು! ಆದುದರಿಂದ ಅವು ಕೆಲಸಕ್ಕೇ ಬಾರದಂತೆ ಹೊರಡುವ ಮುನ್ನವೇ ನೋಡಿಕೊಳ್ಳುವುದು ಚಾಲಕನ ಪಾಲಿಗೆ ಬಂದ ಕೆಲಸ.

ಈ ಯಂತ್ರದ ಮೂಲವೂ ಹಾಳಾದ ಒಂದು ಹೊರೆಯೇ ಎನ್ನುತ್ತಾರೆ. 1938ರಲ್ಲಿ ಬಿಸಿಲಿಗೆ ಸಿಕ್ಕಿ ಕೋಳಿಮಾಂಸ ಕೆಟ್ಟುಹೋದ ಕಥೆ ಮಿನಿಯಾಪೊಲಿಸ್ ನಗರದ ಜೋಸೆಫ್ ನುಮೆರೊ ಎಂಬ ಉದ್ಯಮಿಯ ಕಿವಿಗೆ ಬಿತ್ತಂತೆ. ಅವನ ಬಳಿ ಕೆಲಸಕ್ಕಿದ್ದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್, 1893ರಲ್ಲಿ ಹುಟ್ಟಿ, ಶಾಲೆಯನ್ನು ಬೇಗನೆ ಬಿಟ್ಟು, ಯಂತ್ರಗಳನ್ನು ಬಿಚ್ಚಿ ಜೋಡಿಸಿಯೇ ವಿದ್ಯೆ ಕಲಿತ ಕಪ್ಪು ಜನಾಂಗದವನು. ಅವನು ಮೊದಲು ತಂಪುಯಂತ್ರವನ್ನು ಬಂಡಿಯ ಅಡಿಯಲ್ಲಿ ಕಟ್ಟಿದ. ದಾರಿಯ ಕೆಸರು ಅದನ್ನು ಬಾಳಗೊಡಲಿಲ್ಲ. ಆಮೇಲೆ ಅದು ಮುಂಭಾಗದ ಎತ್ತರವನ್ನು ಏರಿತು. ಇಂದಿಗೂ ಅಲ್ಲಿಯೇ ಇದೆ. ಜೋನ್ಸ್ 1961ರಲ್ಲಿ ತೀರಿಕೊಂಡ. ದೇಶದ ತಂತ್ರಜ್ಞಾನ ಪದಕ ಅವನ ಹೆಸರಿಗೆ ಬಂದದ್ದು 1991ರಲ್ಲಿ. ಕೈಯೊಡ್ಡಿ ಪಡೆಯಲು ಅವನಿರಲಿಲ್ಲ.

ಚಾಲಕನ ಪ್ರದಕ್ಷಿಣೆ ಈಗ ಯಂತ್ರದ ಬಾಗಿಲಿಗೆ ಬಂದಿದೆ. ಅದನ್ನು ತೆರೆಯುವ ಮುನ್ನ ಸ್ವಿಚ್ಚನ್ನು ಆರಿಸುತ್ತಾನೆ. ನಿದ್ದೆಹೋದಂತೆ ಕಾಣುವ ಯಂತ್ರ, ಒಳಗಿನ ಗಾಳಿ ತುಸು ಬಿಸಿಯಾದೊಡನೆ ತಾನಾಗಿ ಎದ್ದು ತಿರುಗಬಲ್ಲದು. ಪಟ್ಟಿಯ ಬಳಿ ಇರುವ ಬೆರಳುಗಳನ್ನು ಅದು ವಿಚಾರಿಸುವುದಿಲ್ಲ. ಎಣ್ಣೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತಾನೆ. ಪಟ್ಟಿಗಳು, ಬ್ಯಾಟರಿ, ನೀರು ಹರಿದುಹೋಗುವ ಕೊಳವೆಗಳು. ಡೀಸೆಲಿನ ತೊಟ್ಟಿಯೂ ಯಂತ್ರಕ್ಕೆ ಬೇರೆಯೇ. ಲಾರಿಯ ಹೊಟ್ಟೆ ತುಂಬಿದರೆ ಇದರ ಹೊಟ್ಟೆ ತುಂಬದು. ಬಳಿಕ ಒಂದು ಗುಂಡಿಯನ್ನು ಒತ್ತುವನು. ಯಂತ್ರ ತಾನೇ ಕಾಯಿಸಿ, ತಣಿಸಿ, ತನ್ನನ್ನು ಪರೀಕ್ಷಿಸಿಕೊಳ್ಳುವುದು. ಇದು ಖಾಲಿ ಪೆಟ್ಟಿಗೆಯಲ್ಲಿಯೇ ಆಗಬೇಕು.

ಯಂತ್ರಕ್ಕೆ ಕಾಣದ್ದೂ ಉಂಟು. ಅದು ಮುಗಿದ ಮೇಲೆ ಚಾಲಕ ಒಳಗೆ ನಿಂತು, ಹೊರಗಿರುವ ಗೆಳೆಯನಿಂದ ಬಾಗಿಲು ಮುಚ್ಚಿಸುತ್ತಾನೆ. ಕತ್ತಲಲ್ಲಿ ಎಲ್ಲಿ ಬೆಳಕಿನ ಗೆರೆ ಕಂಡಿತೋ ಅಲ್ಲಿ ಬಾಗಿಲಿನ ರಬ್ಬರು ಹರಿದಿದೆಯೆಂದೇ ಲೆಕ್ಕ. ಇಂದು ಗೆರೆ ಕಾಣಲಿಲ್ಲ. ಚಾವಣಿಯ ಉದ್ದಕ್ಕೂ ಗಾಳಿಯನ್ನು ಹಿಂದಕ್ಕೆ ಒಯ್ಯುವ ಬಟ್ಟೆಯ ಕೊಳವೆಯೂ ನೆಟ್ಟಗಿದೆ.

ಪೆಟ್ಟಿಗೆಯನ್ನು ತಣಿಸಿದ ಮೇಲೆ, ಸರಕು ಏರಿಸುವ ಕಟ್ಟೆಯಲ್ಲಿ ಮತ್ತೆ ಯಂತ್ರ ಬಂದ್. ಬಾಗಿಲು ತೆರೆದಿರುವಾಗ ಅದು ಓಡಿದರೆ ಹೊರಗಿನ ತೇವವನ್ನೆಲ್ಲ ಎಳೆದುಕೊಂಡು ಕೊಳವೆಗಳ ಮೇಲೆ ಹಿಮ ಕಟ್ಟಿಸುವುದು. ಲೆಟ್ಯೂಸಿಗೆ ಒಗ್ಗುವುದು 0 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅದಕ್ಕಿಂತ ತುಸುವೇ ಇಳಿದರೂ ಎಲೆ ಹೆಪ್ಪುಗಟ್ಟುವುದು. ಸಾಲದ್ದಕ್ಕೆ ಕೊಯ್ದ ಸೊಪ್ಪೂ ಉಸಿರಾಡುತ್ತಲೇ ಇದ್ದು ತಾನೇ ಕಾವನ್ನು ಹುಟ್ಟಿಸುವುದು. ಈ ಯಂತ್ರಕ್ಕೆ ಇರುವ ತಂಪನ್ನು ಕಾಪಾಡುವ ಶಕ್ತಿಯುಂಟು. ಬಿಸಿಯಾಗಿ ಬಂದ ಹೊರೆಯನ್ನು ತಣಿಸುವ ಶಕ್ತಿಯಿಲ್ಲ.

ಚಾಲಕ ಉಷ್ಣಮಾಪಕದ ಸೂಜಿಯನ್ನು ಒಂದೊಂದು ಅಟ್ಟಣೆಯ ಸೊಪ್ಪಿಗೂ ಚುಚ್ಚುತ್ತ ಬಂದ. 1 ಡಿಗ್ರಿ, 2 ಡಿಗ್ರಿ. ಕೊನೆಯದಕ್ಕೆ ಸೂಜಿ 9 ತೋರಿಸಿತು. ಕಟ್ಟೆಯ ಮೇಸ್ತ್ರಿ ಗಡಿಯಾರ ನೋಡಿದ. ಒಂದಕ್ಕಾಗಿ ಇಷ್ಟೆಲ್ಲ ತಡವೇ ಎಂದ. ಚಾಲಕ ಸೂಜಿಯನ್ನು ಒರೆಸಿ, ಇನ್ನೊಂದು ಪೆಟ್ಟಿಗೆಗೆ ಚುಚ್ಚಿ ತೋರಿಸಿದ. ಮತ್ತೆ 9. ಅಟ್ಟಣೆ ತಂಪುಕೋಣೆಗೆ ಮರಳಿತು. ಅವನು ಟ್ರೇಲರಿನ ಬಾಗಿಲು ಮುಚ್ಚಿ, ಯಂತ್ರವನ್ನು ಚಾಲೂ ಮಾಡಿ, ಅದರ ಸದ್ದು ಕೇಳುತ್ತ ಕಟ್ಟೆಯ ಅಂಚಿನಲ್ಲಿ ಕಾಯುತ್ತ ಕುಳಿತ.