ವೆಲ್ಲೂರಿನ ಹಸ್ತವೈದ್ಯರು

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ಕಾಟ್ಪಾಡಿ ಎಂಬ ಜಂಕ್ಷನ್ ದೊರೆಯುವುದು. ಅಲ್ಲಿ ಇಳಿದು ಪಾಲಾರು ನದಿಯನ್ನು ದಾಟಿದರೆ ವೆಲ್ಲೂರು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿಯಲ್ಲಿ ವರ್ಷದ ಬಹುಭಾಗ ಮರಳೇ ಹೊರತು ನೀರು ಕಾಣದು. ಊರಿನ ನಡುವೆ ಕಂದಕದಿಂದ ಸುತ್ತುವರಿದ ವಿಜಯನಗರದ ಕಾಲದ ಕೋಟೆಯೂ ಅದರೊಳಗೆ ಜಲಕಂಠೇಶ್ವರನ ದೇವಾಲಯವೂ ಇರುವುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಟಿಪ್ಪೂ ಸುಲ್ತಾನನ ಮನೆಯವರನ್ನು ಸೆರೆಯಿಟ್ಟದ್ದು ಈ ಕೋಟೆಯಲ್ಲಿಯೇ. ಆದರೆ ಇಂದು ದೇಶದ ನಾನಾ ಕಡೆಗಳಿಂದ ಜನರು ಇಲ್ಲಿಗೆ ಬರುವುದು ಕೋಟೆಯನ್ನು ನೋಡಲಿಕ್ಕಲ್ಲ. 1900ರಲ್ಲಿ ಐಡಾ ಸ್ಕಡರ್ ಎಂಬ ಅಮೆರಿಕದ ಮಹಿಳೆಯು ಒಂದೇ ಹಾಸಿಗೆಯಿಂದ ಆರಂಭಿಸಿದ ಆಸ್ಪತ್ರೆಗಾಗಿ.

ಸುಶ್ರುತಾಚಾರ್ಯರು ಶಸ್ತ್ರವೈದ್ಯನ ನೂರೊಂದು ಯಂತ್ರಗಳನ್ನು ಎಣಿಸಿ, ಅವೆಲ್ಲಕ್ಕೂ ಪ್ರಧಾನವಾದುದು ಕೈಯೇ ಎಂದಿರುವರು. ಆ ಪ್ರಧಾನ ಯಂತ್ರವೇ ಕೆಟ್ಟರೆ ಗತಿಯೇನು? ಕುಷ್ಠರೋಗಿಗಳ ಪಾಲಿಗೆ ಈ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಿದವರು ಡಾಕ್ಟರ್ ಪಾಲ್ ಬ್ರಾಂಡ್ ಎಂಬವರು.

ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಪಾದ್ರಿ ದಂಪತಿಗಳಿಗೆ ಜನಿಸಿದರು. ಬಾಲ್ಯದಲ್ಲಿಯೇ ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕಳುಹಿಸಲ್ಪಟ್ಟು, ಮೊದಲು ಕಲಿತದ್ದು ಮರಗೆಲಸ, ಗಾರೆಗೆಲಸಗಳನ್ನು. ಆಮೇಲೆ ಲಂಡನ್ನಿನಲ್ಲಿ ವೈದ್ಯವಿದ್ಯೆ. ಮಹಾಯುದ್ಧದ ಬಾಂಬುಗಳಿಂದ ಗಾಯಗೊಂಡವರ ನಡುವೆ ಶಸ್ತ್ರಚಿಕಿತ್ಸೆಯನ್ನು ಅಭ್ಯಸಿಸಿ, 1946ರಲ್ಲಿ ವೆಲ್ಲೂರಿಗೆ ಬಂದರು.

ಮರುವರ್ಷ ಚೆಂಗಲ್ಪಟ್ಟಿನ ಕುಷ್ಠಾಶ್ರಮದಲ್ಲಿ ಅವರು ಒಬ್ಬ ರೋಗಿಯ ಮುದುಡಿದ ಕೈಯನ್ನು ಹಿಡಿದು, ಹಿಸುಕುವಂತೆ ಹೇಳಿದರಂತೆ. ಆ ಹಿಡಿತದಿಂದ ನೋವಾದದ್ದು ವೈದ್ಯರಿಗೇ! ಬೆರಳು ಮಡಿಸುವ ಮಾಂಸಖಂಡಗಳು ಮುಂಗೈಯಲ್ಲಿ ಬಲವಾಗಿಯೇ ಉಳಿದಿದ್ದುವು. ಸತ್ತಿದ್ದುವು ಅಂಗೈಯೊಳಗಿನ ಸಣ್ಣ ಮಾಂಸಖಂಡಗಳು ಮಾತ್ರ. ಹಾಗಾದರೆ ಚೆನ್ನಾಗಿರುವ ಮಾಂಸಖಂಡವೊಂದರ ಸ್ನಾಯುರಜ್ಜುವನ್ನು ಬಿಡಿಸಿ, ಬೆರಳುಗಳಿಗೆ ಹೊಸದಾಗಿ ಜೋಡಿಸಬಾರದೇಕೆ? ಇದೇ ಅವರ ಚಿಕಿತ್ಸೆಯ ಬೀಜ. ಶಸ್ತ್ರವು ಮುಗಿದಮೇಲೂ ಕೆಲಸ ಮುಗಿಯದು. ಕಟ್ಟು ಬಿಚ್ಚಿದ ಬಳಿಕ ರೋಗಿಯು ಶಿಶುವಿನಂತೆ ತನ್ನ ಕೈಯ ಚಲನೆಯನ್ನು ಮರಳಿ ಕಲಿಯಬೇಕು.

ಬೆರಳುಗಳು ರೋಗದಿಂದ ತಾವಾಗಿಯೇ ಉದುರುವುವೆಂಬ ನಂಬಿಕೆಯೂ ಸುಳ್ಳಾಯಿತು. ನೋವಿನ ಅರಿವಿಲ್ಲದ್ದರಿಂದ ರೋಗಿಯು ಕಾದ ಪಾತ್ರೆಯನ್ನು ಹಾಗೆಯೇ ಹಿಡಿಯುವನು, ಗಾಯವಾದ ಕೈಯಿಂದಲೇ ದುಡಿಯುವನು. ಮಲಗಿದ್ದಾಗ ಇಲಿ ಕಚ್ಚಿದರೂ ಎಚ್ಚರಗೊಳ್ಳನು. ಆದಕಾರಣ ರೋಗಿಗಳಿಗೆ ಬೆಕ್ಕನ್ನು ಸಾಕುವಂತೆ ವಿಧಿಸಲಾಯಿತು! ನಾವು ಬೈಯುವ ನೋವು ಎಂತಹ ಕಾವಲುಗಾರನೆಂಬುದನ್ನು ಗೃಹಸ್ಥರು ಆಲೋಚಿಸಬೇಕು.

ಇನ್ನೊಂದು ಸಂಗತಿಯು ಮನಸ್ಸನ್ನು ಕಲಕುವಂತಹುದು. ಕೈ ನೆಟ್ಟಗಾದ ರೋಗಿಗಳು ಮರಳಿ ಬಂದು, ಈ ಕೈಗೆ ಯಾರೂ ಭಿಕ್ಷೆ ಹಾಕರು, ರೋಗದ ಗುರುತಿರುವುದರಿಂದ ಕೆಲಸವನ್ನೂ ಕೊಡರು ಎಂದು ಅಳಲುತ್ತಿದ್ದರು. ಚಿಕಿತ್ಸೆಯು ಅನ್ನವನ್ನೇ ಕಸಿದಂತಾಯಿತು. ಆಗ ಬ್ರಾಂಡರು ನವಜೀವನ ನಿಲಯವನ್ನು ಸ್ಥಾಪಿಸಿ, ತಾವು ಹಿಂದೆ ಕಲಿತಿದ್ದ ಮರಗೆಲಸವನ್ನು ಅವರಿಗೆ ಕಲಿಸಿದರು. ಯೌವನದಲ್ಲಿ ವ್ಯರ್ಥವಾಯಿತೆಂದು ತೋರಿದ್ದ ವಿದ್ಯೆಯು ಹೀಗೆ ಫಲಿಸಿತು.

ಅವರ ಮಾರ್ಗದಲ್ಲಿ ನಡೆದವರಲ್ಲಿ ಡಾಕ್ಟರ್ ಮೇರಿ ವರ್ಗೀಸರು ಸ್ಮರಣೀಯರು. 1954ರ ವಾಹನಾಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದರೂ, ಗಾಲಿಕುರ್ಚಿಯಲ್ಲಿ ಕುಳಿತೇ ಅವರು ರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬ್ರಾಂಡರು 1966ರಲ್ಲಿ ಅಮೆರಿಕಕ್ಕೆ ತೆರಳಿ, 2003ರಲ್ಲಿ ದಿವಂಗತರಾದರು. ವೆಲ್ಲೂರಿನ ಹಸ್ತಚಿಕಿತ್ಸಾ ಕೇಂದ್ರವು ಅವರ ಹೆಸರನ್ನು ಹೊತ್ತಿರುವುದು. ಈ ವಿದ್ಯೆಯನ್ನು ಬಯಸುವ ತರುಣನು ವೈದ್ಯಪದವಿಗೆ ಐದೂವರೆ ವರ್ಷ, ಶಸ್ತ್ರವಿದ್ಯೆಗೆ ಮೂರು ವರ್ಷ, ಅದರ ಮೇಲೆ ಹಸ್ತಕ್ಕೆಂದೇ ಪ್ರತ್ಯೇಕ ವ್ಯಾಸಂಗ ಮಾಡಬೇಕು. ಇಪ್ಪತ್ತೇಳು ಮೂಳೆಗಳ ಒಂದು ಅವಯವಕ್ಕಾಗಿ ಇಷ್ಟು ತಪಸ್ಸು!

ವೆಲ್ಲೂರಿಗೆ ಹೋಗುವ ವಾಚಕರು ಕೋಟೆಯನ್ನು ಅವಶ್ಯವಾಗಿ ನೋಡಲಿ. ಕಲ್ಲನ್ನು ಕೆತ್ತಿದ ಕೈಗಳನ್ನು ಅಲ್ಲಿ ಹೊಗಳಿದ ಬಳಿಕ, ಕೈಗಳನ್ನೇ ಮತ್ತೆ ತಿದ್ದಿಕೊಟ್ಟವರನ್ನೂ ಒಮ್ಮೆ ನೆನೆಯಲಿ.